ಏಳು ಸುತ್ತಿನ ಪರೀಕ್ಷೆ: ಭೂಮಿಯಾಚೆ ಜೀವವಿದೆ ಎಂದು ಯಾವಾಗ ನಂಬಬೇಕು?

2025ರ ಏಪ್ರಿಲ್ ಮೂರನೆಯ ವಾರದಲ್ಲಿ, 124 ಜ್ಯೋತಿರ್ವರ್ಷ ದೂರದ ಗ್ರಹವೊಂದರಲ್ಲಿ ಜೀವದ ಸುಳಿವು ಸಿಕ್ಕಿದೆ ಎಂಬ ಸುದ್ದಿ ಜಗತ್ತಿನ ಎಲ್ಲ ಕಡೆಯಂತೆ ಚಿತ್ರದುರ್ಗಕ್ಕೂ ಬಂತು. ಸಂಜೆಯ ಹೊತ್ತಿಗೆ ನನ್ನ ಫೋನಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಂದೇಶಗಳು ತುಂಬಿಹೋಗಿದ್ದವು, ಹೆಚ್ಚುಕಡಿಮೆ ಎಲ್ಲರದೂ ಒಂದೇ ಪ್ರಶ್ನೆ, "ಸಾರ್, ಇದು ನಿಜಾನಾ?" ಐದು ತಿಂಗಳ ನಂತರ, ಸೆಪ್ಟೆಂಬರ್ 10ರಂದು, ಮಂಗಳ ಗ್ರಹದ ಕಲ್ಲೊಂದರ ಬಗ್ಗೆ ನಾಸಾ ಪತ್ರಿಕಾಗೋಷ್ಠಿ ಕರೆದಾಗ ಅದೇ ಪ್ರಶ್ನೆ ಮತ್ತೆ ಬಂತು. ಎರಡೂ ಸಲ ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅದು ಜಾರಿಕೊಳ್ಳುವ ಉತ್ತರವಾಗಿರಲಿಲ್ಲ. ಜೀವವನ್ನು ಹುಡುಕುವ ವಿಜ್ಞಾನದಲ್ಲಿ ಸುಳಿವು ಸಿಗುವುದು ಕೆಲಸದ ಆರಂಭ ಮಾತ್ರ. ಆ ಸುಳಿವು ಜೀವವಿಲ್ಲದೆಯೂ ಹುಟ್ಟಬಹುದಾದ ಒಂದೊಂದು ದಾರಿಯನ್ನೂ ಮುಚ್ಚುತ್ತ ಹೋಗುವುದೇ ನಿಜವಾದ ಕೆಲಸ. ಆ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ತಿಳಿಯಲು ನಮ್ಮ ಜಿಲ್ಲೆಯ ಕಲ್ಲುಗಳಿಗಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮೊದಲು ಏಪ್ರಿಲ್‌ನ ಸುದ್ದಿಯನ್ನು ನೋಡೋಣ. ಸಿಂಹ ರಾಶಿಯ ದಿಕ್ಕಿನಲ್ಲಿ, ಸೂರ್ಯನಿಗಿಂತ ಚಿಕ್ಕದಾದ ಕೆಂಪು ಕುಬ್ಜ ನಕ್ಷತ್ರವೊಂದನ್ನು 33 ದಿನಕ್ಕೊಮ್ಮೆ ಸುತ್ತುವ ಕೆ2-18ಬಿ ಎಂಬ ಗ್ರಹವಿದೆ. ತೂಕದಲ್ಲಿ ಅದು ಭೂಮಿಯ ಎಂಟೂವರೆ ಪಟ್ಟಿಗೂ ಹೆಚ್ಚು, ಅಡ್ಡಳತೆಯಲ್ಲಿ ಸುಮಾರು 2.6 ಪಟ್ಟು. ಈ ಗ್ರಹವನ್ನು ಯಾರೂ ಬಿಡಿಯಾಗಿ ಕಣ್ಣಾರೆ ಕಂಡಿಲ್ಲ. ಅದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಸಾವಿರದಲ್ಲಿ ಮೂರು ಪಾಲಿನಷ್ಟು ಕುಂದುತ್ತದೆ. ಗ್ರಹದ ಅಂಚಿನಲ್ಲಿರುವ ತೆಳುವಾದ ವಾಯುಮಂಡಲವನ್ನು ತೂರಿ ಬರುವ ಬೆಳಕಿನಲ್ಲಿ ಕೆಲವು ಬಣ್ಣಗಳು ಇನ್ನೂ ಸ್ವಲ್ಪ ಹೆಚ್ಚಾಗಿ ಕುಂದುತ್ತವೆ. ಯಾವ ಅನಿಲ ಯಾವ ಬಣ್ಣವನ್ನು ನುಂಗುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಗೊತ್ತಾಗಿರುವುದರಿಂದ, ಈ ಕುಂದುವಿಕೆಯ ಪಟ್ಟಿಯನ್ನು, ಅಂದರೆ ರೋಹಿತವನ್ನು, ಓದಿ ಅಲ್ಲಿ ಯಾವ ಅನಿಲಗಳಿವೆ ಎಂದು ಊಹಿಸಬಹುದು. ವಾಯುಮಂಡಲದಿಂದ ಬರುವ ಈ ವ್ಯತ್ಯಾಸ ನಕ್ಷತ್ರದ ಒಟ್ಟು ಬೆಳಕಿನ ಲಕ್ಷದಲ್ಲಿ ಕೆಲವೇ ಪಾಲು. 2021ರ ಡಿಸೆಂಬರ್ 25ರಂದು ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕಕ್ಕೆ ಮೊದಲು ಇಂಥ ಅಳತೆ ಇಷ್ಟು ಚಿಕ್ಕ ಗ್ರಹದ ಮಟ್ಟಿಗೆ ಬಹುಪಾಲು ಕನಸಾಗಿತ್ತು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ 2023ರಲ್ಲಿ ಈ ಗ್ರಹದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ತೋರಿಸಿತ್ತು. ಬನಾರಸ್‌ನಲ್ಲಿ ಎಂಜಿನಿಯರಿಂಗ್ ಓದಿದ ಈ ಭಾರತೀಯ ಮೂಲದ ವಿಜ್ಞಾನಿಯ ತಂಡ 2025ರಲ್ಲಿ ವೆಬ್‌ನ ಇನ್ನೊಂದು ಉಪಕರಣ ಬಳಸಿ, ಡೈಮಿಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಡೈಮಿಥೈಲ್ ಡೈಸಲ್ಫೈಡ್ ಅಲ್ಲಿರುವ ಲಕ್ಷಣ ಕಾಣುತ್ತಿದೆ ಎಂದಿತು. ಎಲೆಕೋಸು ಬೇಯುವಾಗ ಅಡುಗೆಮನೆಯಲ್ಲಿ ಹರಡುವ ವಾಸನೆಯಲ್ಲಿ ಈ ಡೈಮಿಥೈಲ್ ಸಲ್ಫೈಡ್ ಇದೆ. ಕಡಲ ಗಾಳಿಯ ವಾಸನೆಯಲ್ಲೂ ಇದೆ. ಭೂಮಿಯ ಮೇಲೆ ಅದರ ಬಹುಭಾಗ ಸಮುದ್ರದ ಸೂಕ್ಷ್ಮ ಪಾಚಿಗಳಿಂದಲೇ ಬರುತ್ತದೆ. ಆದ್ದರಿಂದಲೇ ಸುದ್ದಿಮನೆಗಳು ಪಾಚಿಯಿಂದ ಜೀವಕ್ಕೆ, ಜೀವದಿಂದ ಅನ್ಯಗ್ರಹವಾಸಿಗಳಿಗೆ ಒಂದೇ ಜಿಗಿತದಲ್ಲಿ ಹೋಗಿಬಿಟ್ಟವು.

ತಂಡದ ಪ್ರಬಂಧ ಹಾಗೆ ಜಿಗಿದಿರಲಿಲ್ಲ. ತಮ್ಮ ಅಳತೆ ಮೂರು ಸಿಗ್ಮಾ ಮಟ್ಟದ್ದು, ಅಂದರೆ ಅಂಥ ಗುರುತು ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಸಾವಿರಕ್ಕೆ ಮೂರರಷ್ಟು ಎಂದು ಅವರೇ ಹೇಳಿದ್ದರು. ಕೇಳಲು ಇದು ಗಟ್ಟಿಯಾದ ಸಾಕ್ಷ್ಯವೆನಿಸುತ್ತದೆ. ಆದರೆ ಹೊಸ ಶೋಧ ಎಂದು ಒಪ್ಪಿಕೊಳ್ಳಲು ಭೌತವಿಜ್ಞಾನಿಗಳು ಕೇಳುವುದು ಐದು ಸಿಗ್ಮಾ, ಅಂದರೆ ಸುಮಾರು 35 ಲಕ್ಷದಲ್ಲಿ ಒಂದು ಸಂಭವ. ಕೆಲವೇ ವಾರಗಳಲ್ಲಿ ಬೇರೆ ತಂಡಗಳು ಅದೇ ದತ್ತಾಂಶವನ್ನು ಕೈಗೆತ್ತಿಕೊಂಡವು. ಆಕ್ಸ್‌ಫರ್ಡ್‌ನ ಜೇಕ್ ಟೇಲರ್, ಆ ಅಳತೆಗಳ ನಡುವೆ ಏರಿಳಿತವಿಲ್ಲದ ಒಂದು ನೇರ ಗೆರೆ ಎಳೆದರೂ ಹೊಂದಿಕೆಯಾಗುತ್ತದೆ, ಯಾವ ಅನಿಲದ ಹೆಸರನ್ನೂ ಹೇಳಬೇಕಾಗಿಲ್ಲ ಎಂದು ತೋರಿಸಿದರು. ಲೂಯಿಸ್ ವೆಲ್‌ಬ್ಯಾಂಕ್ಸ್ ಮತ್ತು ಸಂಗಡಿಗರು, ಪರಿಶೀಲಿಸುವ ಅನಿಲಗಳ ಪಟ್ಟಿಯನ್ನು ದೊಡ್ಡದು ಮಾಡಿದರೆ ಡೈಮಿಥೈಲ್ ಸಲ್ಫೈಡಿನಷ್ಟೇ ಚೆನ್ನಾಗಿ ಹೊಂದುವ ಬೇರೆ ಅಣುಗಳೂ ಸಿಗುತ್ತವೆ ಎಂದರು. ಇದಕ್ಕೂ ಮೊದಲೇ, 2024ರಲ್ಲಿ, ರೊಸೆಟಾ ನೌಕೆ ಸಂಗ್ರಹಿಸಿದ್ದ ಮಾಹಿತಿಯಲ್ಲಿ 67ಪಿ ಎಂಬ ಧೂಮಕೇತುವಿನಲ್ಲಿ ಇದೇ ಡೈಮಿಥೈಲ್ ಸಲ್ಫೈಡ್ ಕಂಡಿತ್ತು. ಧೂಮಕೇತುವಿನ ಹೆಪ್ಪುಗಟ್ಟಿದ ದೂಳಿನಲ್ಲಿ ಪಾಚಿ ಬೆಳೆಯುವುದಿಲ್ಲ. ಅಂದಮೇಲೆ ಈ ಅನಿಲ ಹುಟ್ಟಲು ಜೀವವೇ ಬೇಕು ಎಂಬ ಆಧಾರವೇ ಅಲುಗಾಡಿತು. ಆ ಗ್ರಹದಲ್ಲಿ ಇರುವುದು ಕಡಲೋ, ಕರಗಿದ ಶಿಲೆಯೋ, ಅಥವಾ ನೆಲವೇ ಇಲ್ಲದ ದಟ್ಟ ಅನಿಲವೋ ಎಂಬುದರ ಬಗ್ಗೆಯೂ ಒಮ್ಮತವಿಲ್ಲ.

ಇದನ್ನು ಮಧುಸೂದನ್ ಅವರ ತಂಡದ ಸೋಲು ಎಂದು ಬಗೆಯುವುದು ತಪ್ಪು. ತಾವು ಕಂಡದ್ದನ್ನು ಅಳತೆಯ ಮಿತಿಯ ಸಮೇತ ಎಲ್ಲರ ಮುಂದಿಟ್ಟರು. ಉಳಿದವರು ಅದನ್ನು ಒರೆಗೆ ಹಚ್ಚಿದರು. ದಾರಿ ಇರುವುದೇ ಹೀಗೆ.

ಈಗ ನಮ್ಮ ಕಲ್ಲುಗಳ ವಿಷಯಕ್ಕೆ ಬರುತ್ತೇನೆ. ಚಿತ್ರದುರ್ಗದಿಂದ ಪಶ್ಚಿಮಕ್ಕೆ ಭೀಮಸಮುದ್ರದ ಕಡೆ ಹೋದರೆ ಸಿಗುವುದು ಅಡಿಕೆ ತೋಟ ಮತ್ತು ಕಬ್ಬಿಣದ ಅದಿರಿನ ಕೆಂಪು ದೂಳು. ಆ ಸುತ್ತಿನಲ್ಲಿ, ಹಾಗೆಯೇ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದ ಮಾರಿಕಣಿವೆಯ ಸುತ್ತಮುತ್ತ, ಸುಣ್ಣದ ಅಂಶವಿರುವ ಬೂದು ಬಣ್ಣದ ಪುರಾತನ ಶಿಲೆಗಳಿವೆ. ಅವುಗಳ ಮೈಮೇಲೆ ಅಲೆಅಲೆಯಾದ ಪದರಗಳು ಕಾಣುತ್ತವೆ. ಭೂವಿಜ್ಞಾನಿಗಳು ಇವನ್ನು ಸ್ಟ್ರೊಮ್ಯಾಟೊಲೈಟ್ ಎಂದು ಗುರುತಿಸಿ 1980ರ ದಶಕದಲ್ಲಿ ವಿವರವಾಗಿ ವರದಿ ಮಾಡಿದ್ದಾರೆ. ವಯಸ್ಸು 260 ಕೋಟಿ ವರ್ಷಕ್ಕೂ ಹೆಚ್ಚು ಎಂಬುದು ಅಂದಾಜು. ಅಂಟಂಟಾದ ಸೂಕ್ಷ್ಮಜೀವಿಗಳ ಚಾಪೆಯೊಂದು ಆಳವಿಲ್ಲದ ನೀರಿನ ತಳದಲ್ಲಿ ಹರಡಿಕೊಂಡು, ಮೇಲೆ ಬಿದ್ದ ಸಣ್ಣ ಮಣ್ಣನ್ನು ಹಿಡಿದಿಟ್ಟುಕೊಂಡು, ಬೆಳಕಿಗಾಗಿ ಆ ಮಣ್ಣನ್ನು ದಾಟಿ ಮತ್ತೆ ಮೇಲಕ್ಕೆ ಬೆಳೆದು, ಹೀಗೆ ಪದರದ ಮೇಲೆ ಪದರ ಕಟ್ಟಿದ ಕಟ್ಟಡ ಅದು. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಇಂಥವು ಜೀವಂತವಾಗಿ ಬೆಳೆಯುತ್ತಿವೆ.

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಮಕ್ಕಳನ್ನು ಅಂಥ ಒಂದು ಬಂಡೆಯ ಬಳಿಗೆ ಕರೆದುಕೊಂಡು ಹೋಗಿದ್ದೆ. ಒಣಗಿದ ಕಲ್ಲಿನಲ್ಲಿ ಪದರಗಳು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಬಾಟಲಿಯ ನೀರನ್ನು ಚಿಮುಕಿಸಿದೆ. ನೀರು ಇಳಿದಂತೆ, ಬೋರಲು ಹಾಕಿದ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿದಂಥ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಮಕ್ಕಳು ಬೆರಳಿನಿಂದ ಆ ಗೆರೆಗಳನ್ನು ಸವರಿ ನೋಡುತ್ತಿದ್ದರು. ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದನ್ನ ಜೀವಾನೇ ಮಾಡೈತೆ ಅಂತ ಹೆಂಗ್ ಹೇಳ್ತೀರಿ? ನಮ್ಮ ಹಳ್ಳದಾಗೆ ನೀರು ಇಳಿದ್ಮೇಲೆ ಕೆಸರೂ ಹಿಂಗೇ ಪದರಪದರ ಆಗಿರ್ತೈತಲ್ಲ?"

ಆ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ, ಏಕೆಂದರೆ ಈ ಇಡೀ ವಿಜ್ಞಾನಶಾಖೆ ನಿಂತಿರುವುದು ಅದೇ ಪ್ರಶ್ನೆಯ ಮೇಲೆ. ಪದರ ಇದ್ದ ಮಾತ್ರಕ್ಕೆ ಜೀವ ಎನ್ನಲಾಗುವುದಿಲ್ಲ. ಕೆಸರು ತಳಕ್ಕೆ ಇಳಿದರೂ ಪದರವಾಗುತ್ತದೆ, ನೀರಿನಲ್ಲಿ ಕರಗಿದ ಸುಣ್ಣ ಹರಳುಗಟ್ಟಿದರೂ ಪದರವಾಗುತ್ತದೆ, ಮೆತ್ತಗಿನ ಪದರಗಳನ್ನು ಭೂಮಿಯ ಒತ್ತಡ ಮಡಚಿದರೆ ಗುಮ್ಮಟಗಳೂ ಮೂಡುತ್ತವೆ. ಹಾಗಾಗಿ ಭೂವಿಜ್ಞಾನಿಗಳು ಬೇರೆ ಸಂಗತಿಗಳನ್ನು ನೋಡುತ್ತಾರೆ. ಬೆಳಕಿನತ್ತ ಬೆಳೆಯುವ ಜೀವಿ ಕಟ್ಟಿದ್ದರೆ ಪದರ ಗುಮ್ಮಟದ ನೆತ್ತಿಯಲ್ಲಿ ದಪ್ಪವಾಗಿಯೂ ಪಕ್ಕದಲ್ಲಿ ತೆಳುವಾಗಿಯೂ ಇರಬೇಕು. ಬರೀ ಇಳಿದುಬಂದ ಕೆಸರಾದರೆ ತಗ್ಗಿನಲ್ಲೇ ಹೆಚ್ಚು ಕೂರಬೇಕು. ಗುಮ್ಮಟದ ಒಳಗಿನ ರಾಸಾಯನಿಕ ರಚನೆಗೂ ಅದರ ಪಕ್ಕಕ್ಕೆ ಬಂದು ತುಂಬಿಕೊಂಡ ಮಣ್ಣಿಗೂ ವ್ಯತ್ಯಾಸವಿರಬೇಕು. ಅಕ್ಕಪಕ್ಕದ ಶಿಲೆಗಳು ಅಲ್ಲೊಂದು ಕಾಲಕ್ಕೆ ಬೆಳಕು ಬೀಳುವಷ್ಟು ತಿಳಿಯಾದ ನೀರಿತ್ತು ಎಂದು ಬೇರೆಯಾಗಿಯೇ ಹೇಳಬೇಕು. ಆ ಹುಡುಗಿಯನ್ನು ಬಂಡೆಯ ಪಕ್ಕದಲ್ಲಿ ಕೂರಿಸಿ ನೆತ್ತಿಯ ದಪ್ಪವನ್ನೂ ಪಕ್ಕದ ದಪ್ಪವನ್ನೂ ಸ್ಕೇಲಿನಲ್ಲಿ ಅಳೆಯಿಸಿದೆ. ನೆತ್ತಿಯೇ ದಪ್ಪವಿತ್ತು. ಅವಳಿಗೆ ಸಮಾಧಾನವಾಯಿತು, ಪೂರ್ತಿ ಅಲ್ಲ. ಅದು ನನಗೆ ಇನ್ನೂ ಸಂತೋಷ ಕೊಟ್ಟಿತು.

ನಮ್ಮದೇ ಗ್ರಹದ ಮೇಲೆ, ಕೈಯಲ್ಲಿ ಸುತ್ತಿಗೆ ಹಿಡಿದು, ಬೇಕಾದಷ್ಟು ಸಲ ಹೋಗಿಬಂದು ನೋಡಬಹುದಾದ ಕಡೆಯೂ ದೊಡ್ಡ ವಿದ್ವಾಂಸರು ಇದರಲ್ಲಿ ಜಗಳವಾಡಿದ್ದಾರೆ. 2016ರಲ್ಲಿ ಆಲನ್ ನಟ್‌ಮನ್ ಮತ್ತು ಸಂಗಡಿಗರು ಗ್ರೀನ್‌ಲ್ಯಾಂಡಿನ ಇಸುವಾ ಎಂಬಲ್ಲಿ 370 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ ಎಂದು ಪ್ರಕಟಿಸಿದರು. ಅದು ನಿಜವಾದರೆ ಭೂಮಿಯ ಮೇಲಿನ ಜೀವದ ಅತ್ಯಂತ ಹಳೆಯ ಗುರುತುಗಳ ಸಾಲಿಗೆ ಸೇರುತ್ತಿತ್ತು. 2018ರಲ್ಲಿ ಅಬಿಗೈಲ್ ಆಲ್‌ವುಡ್ ನೇತೃತ್ವದ ತಂಡ ಅದೇ ಸ್ಥಳಕ್ಕೆ ಹೋಗಿ, ಆ ಗುಮ್ಮಟಗಳನ್ನು ಒಂದೇ ಮಗ್ಗುಲಿನಿಂದ ನೋಡಿದ್ದರಿಂದ ಗುಮ್ಮಟದಂತೆ ಕಂಡಿವೆ, ಮೂರೂ ದಿಕ್ಕಿನಿಂದ ನೋಡಿದರೆ ಅವು ಶಿಲೆ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡ ಉದ್ದನೆಯ ದಿಣ್ಣೆಗಳು ಎಂದು ವಾದಿಸಿತು. ಮೊದಲಿನ ತಂಡ ಅದನ್ನು ಒಪ್ಪಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಆಲ್‌ವುಡ್ ಅವರೇ ಮಂಗಳದ ಮೇಲೆ ಓಡಾಡುತ್ತಿರುವ ಪರ್ಸಿವಿಯರೆನ್ಸ್ ರೋವರ್‌ನ ಪಿಕ್ಸಲ್ ಎಂಬ ಉಪಕರಣದ ಮುಖ್ಯ ವಿಜ್ಞಾನಿಯಾಗಿದ್ದವರು. ಕಲ್ಲಿನ ಮೇಲೆ ಎಕ್ಸ್-ಕಿರಣ ಹಾಯಿಸಿ, ಉಪ್ಪಿನ ಕಾಳಿನಷ್ಟು ಚಿಕ್ಕ ಜಾಗದಲ್ಲೂ ಯಾವ ಧಾತು ಎಷ್ಟಿದೆ ಎಂದು ನಕ್ಷೆ ಬರೆಯುವ ಉಪಕರಣ ಅದು. ಭೂಮಿಯ ಕಲ್ಲಿನ ಮುಂದೆ ನಿಂತು ಅನುಮಾನಿಸುವುದನ್ನು ಕಲಿತವರ ಕೈಗೇ ಮಂಗಳದ ಕಲ್ಲು ಓದುವ ಉಪಕರಣ ಸಿಕ್ಕಿದ್ದು ಯೋಗ್ಯವಾಗಿಯೇ ಇದೆ.

ಆ ರೋವರ್ 2021ರ ಫೆಬ್ರುವರಿ 18ರಂದು ಇಳಿದದ್ದು ಜೆಜೆರೋ ಎಂಬ ಕುಳಿಯಲ್ಲಿ. ಮುನ್ನೂರು ಕೋಟಿ ವರ್ಷಕ್ಕೂ ಹಿಂದೆ ಆ ಕುಳಿ ಒಂದು ಕೆರೆ. ನೆರೆಟ್ವಾ ಕಣಿವೆ ಅದಕ್ಕೆ ನೀರು ತರುತ್ತಿದ್ದ ಹೊಳೆ. ಚನ್ನಗಿರಿಯ ಶಾಂತಿಸಾಗರವನ್ನೂ ಅದಕ್ಕೆ ನೀರುಣಿಸುವ ಹರಿದ್ರಾ ಹಳ್ಳವನ್ನೂ ನೆನೆದರೆ ನಮ್ಮ ಭಾಗದವರಿಗೆ ಚಿತ್ರ ಸುಲಭವಾಗಿ ಮೂಡುತ್ತದೆ. 2024ರ ಜುಲೈನಲ್ಲಿ ಆ ಬತ್ತಿದ ಹೊಳೆಯ ಪಾತ್ರದಲ್ಲಿ ಸುಮಾರು ಒಂದು ಮೀಟರ್ ಉದ್ದದ ಒಂದು ಕಲ್ಲು ಸಿಕ್ಕಿತು. ಚೆಯಾವಾ ಫಾಲ್ಸ್ ಎಂದು ಅದಕ್ಕೆ ಹೆಸರಿಟ್ಟರು. ಕೆಂಪು ಜೇಡಿಕಲ್ಲಿನ ಮೇಲೆ ಮಿಲಿಮೀಟರ್ ಗಾತ್ರದ ಬಿಳಿಚುಕ್ಕೆಗಳು, ಪ್ರತಿ ಚುಕ್ಕೆಗೂ ಕಪ್ಪು ಅಂಚು. ವಿಜ್ಞಾನಿಗಳು ಇವನ್ನು ಚಿರತೆಯ ಚುಕ್ಕೆಗಳೆಂದು ಕರೆದರು. ನಮ್ಮ ಜೋಗಿಮಟ್ಟಿ ಕಾಡಿನ ಚಿರತೆಯ ಮೈಯನ್ನು ಚಿತ್ರದಲ್ಲಾದರೂ ಕಂಡವರಿಗೆ ಹೋಲಿಕೆ ಸರಿಯೆನಿಸುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಜೋಯಲ್ ಹುರೊವಿಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದ ಪ್ರಕಾರ ಆ ಕಲ್ಲಿನಲ್ಲಿ ಸಾವಯವ ಇಂಗಾಲವಿದೆ, ಮತ್ತು ಚುಕ್ಕೆಗಳಲ್ಲಿ ಎರಡು ಖನಿಜಗಳು ಇರುವಂತೆ ಕಾಣುತ್ತದೆ: ಒಂದು ಕಬ್ಬಿಣ ಮತ್ತು ರಂಜಕ ಸೇರಿದ ವಿವಿಯನೈಟ್, ಇನ್ನೊಂದು ಕಬ್ಬಿಣ ಮತ್ತು ಗಂಧಕ ಸೇರಿದ ಗ್ರೈಗೈಟ್.

ಈ ಎರಡು ಹೆಸರುಗಳಿಗೆ ಏಕಿಷ್ಟು ಮಹತ್ವ ಎಂಬುದು ಬೇಸಿಗೆಯಲ್ಲಿ ಕೆರೆಗೋಡು ಹೊಡೆಸಿದ ರೈತರಿಗೆ ಹೊಸದಲ್ಲ. ಒಣಗಿದ ಕೆರೆಯಂಗಳದಲ್ಲಿ ಗುದ್ದಲಿ ಹಾಕಿದರೆ ಮೇಲಿನ ಒಂದು ಗೇಣು ಕಂದು ಮಣ್ಣು. ಅದರ ಕೆಳಗೆ ಹಸಿಯಾಗಿರುವ ಕಡೆ ಮಣ್ಣು ಮಸಿಯಂತೆ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಗಾಳಿ ಸಿಗದ ಆ ಆಳದಲ್ಲಿ ಸೂಕ್ಷ್ಮಜೀವಿಗಳು ಕೊಳೆತ ಎಲೆಕಡ್ಡಿಯನ್ನು ತಿಂದು, ಉಸಿರಾಡಲು ಆಮ್ಲಜನಕದ ಬದಲಿಗೆ ತುಕ್ಕುಹಿಡಿದ ಕಬ್ಬಿಣವನ್ನೂ ಗಂಧಕದ ಲವಣವನ್ನೂ ಬಳಸುತ್ತವೆ. ಆ ಉಸಿರಾಟದ ಉಳಿಕೆಯಾಗಿ ಕಬ್ಬಿಣ-ಗಂಧಕದ ಕಪ್ಪು ಖನಿಜಗಳು ಹುಟ್ಟುತ್ತವೆ. ರಂಜಕ ಇರುವ ಕಡೆ ವಿವಿಯನೈಟ್ ಸಹ ಹುಟ್ಟುತ್ತದೆ, ಗಾಳಿ ತಗುಲಿದರೆ ಅದು ನಿಧಾನಕ್ಕೆ ನೀಲಿಗೆ ತಿರುಗುತ್ತದೆ. ಕೆಂಪು ಕಬ್ಬಿಣದ ಕೆಸರು, ಅದರಲ್ಲಿ ಸಾವಯವ ಇಂಗಾಲ, ಆ ಇಂಗಾಲ ಇದ್ದ ಕಡೆಯಲ್ಲೇ ಬಣ್ಣ ಕಳೆದುಕೊಂಡ ಚುಕ್ಕೆ, ಚುಕ್ಕೆಯ ಅಂಚಿನಲ್ಲೂ ನಡುವೆಯೂ ಈ ಖನಿಜಗಳು: ಮಂಗಳದ ಕಲ್ಲಿನಲ್ಲಿ ಕಂಡದ್ದು ಇಷ್ಟು. ಇದೇ ಕಲ್ಲು ನಮ್ಮ ಕೆರೆಯೊಂದರ ತಳದಲ್ಲಿ ಸಿಕ್ಕಿದ್ದರೆ ಯಾವ ಭೂವಿಜ್ಞಾನಿಯೂ ಎರಡನೆಯ ಸಲ ಯೋಚಿಸದೆ ಸೂಕ್ಷ್ಮಜೀವಿಗಳ ಕೆಲಸ ಎಂದುಬಿಡುತ್ತಿದ್ದರು.

ಆದರೆ ಕಲ್ಲು ಮಂಗಳದ್ದು. ಇದೇ ರಾಸಾಯನಿಕ ಬದಲಾವಣೆ ಜೀವವಿಲ್ಲದೆಯೂ ಆಗಬಲ್ಲದು. ಗಂಧಕದ ಲವಣವನ್ನು ಹಾಗೆ ಮಾರ್ಪಡಿಸಲು ಸಾಮಾನ್ಯವಾಗಿ ಹೆಚ್ಚಿನ ಶಾಖ ಬೇಕು. ಆ ಕಲ್ಲು ಅಷ್ಟು ಕಾದಂತೆ ಕಾಣುವುದಿಲ್ಲ ಎಂದು ತಂಡ ಹೇಳಿದೆ, ಆದರೆ ಕಡಿಮೆ ಶಾಖದ ಬೇರೆ ದಾರಿಗಳನ್ನು ಪೂರ್ತಿಯಾಗಿ ತಳ್ಳಿಹಾಕಿಲ್ಲ. ಪ್ರಬಂಧದಲ್ಲಿ ಅವರು ಬಳಸಿದ್ದು "ಸಂಭಾವ್ಯ ಜೀವಕುರುಹು" ಎಂಬ ಅರ್ಥದ ಪದವನ್ನು. ಆ "ಸಂಭಾವ್ಯ" ಎಂಬ ವಿಶೇಷಣ ತಲೆಬರಹಗಳಲ್ಲಿ ಬಿದ್ದುಹೋಯಿತು. ಇಡೀ ಪ್ರಬಂಧದ ಭಾರವನ್ನು ಹೊತ್ತದ್ದು ಆ ಒಂದು ಪದವೇ.

ಇಂಥ ಸುದ್ದಿಗಳು ಎಲ್ಲಿ ನಿಂತಿವೆ ಎಂದು ಅಳೆಯಲು 2021ರಲ್ಲಿ ನಾಸಾದ ಜಿಮ್ ಗ್ರೀನ್ ಮತ್ತು ಸಂಗಡಿಗರು ಏಳು ಮೆಟ್ಟಿಲಿನ ಒಂದು ಅಳತೆಗೋಲನ್ನು ಮುಂದಿಟ್ಟರು. ಏಳು ಸುತ್ತಿನ ಕೋಟೆಯ ಊರಿನವನಾದ ನನಗೆ ಇದನ್ನು ಕೋಟೆಯ ಸುತ್ತುಗಳಾಗಿಯೇ ವಿವರಿಸುವುದು ಸಲೀಸು. ಮೊದಲ ಸುತ್ತು ದಾಟಲು ಜೀವದ್ದಿರಬಹುದಾದ ಒಂದು ಗುರುತು ಸಿಕ್ಕರೆ ಸಾಕು. ಎರಡನೆಯದರಲ್ಲಿ ಅದು ನಮ್ಮದೇ ಉಪಕರಣದ ಅಥವಾ ಭೂಮಿಯ ಕಲಬೆರಕೆ ಅಲ್ಲ ಎಂದು ತೋರಿಸಬೇಕು. ಮೂರನೆಯದರಲ್ಲಿ, ಅಂಥ ಪರಿಸರದಲ್ಲಿ ಜೀವ ಆ ಗುರುತನ್ನು ಮಾಡಬಲ್ಲದು ಎಂದು ತೋರಿಸಬೇಕು. ನಾಲ್ಕನೆಯದು ಎಲ್ಲಕ್ಕಿಂತ ಕಡಿದಾದ ಸುತ್ತು: ಗೊತ್ತಿರುವ ಎಲ್ಲ ನಿರ್ಜೀವ ಕಾರಣಗಳೂ ಅಲ್ಲಿ ಸಲ್ಲವು ಎಂದು ಸಾಧಿಸಬೇಕು. ಐದನೆಯದಕ್ಕೆ ಬೇರೆಯದೇ ಸ್ವತಂತ್ರ ಗುರುತು ಬೇಕು. ಆರರಲ್ಲಿ, ಪ್ರಕಟಣೆಯ ನಂತರ ಇತರರು ಮುಂದಿಟ್ಟ ಪರ್ಯಾಯ ವಿವರಣೆಗಳನ್ನು ಹೊಸ ವೀಕ್ಷಣೆಗಳಿಂದ ಬಗೆಹರಿಸಬೇಕು. ಏಳರಲ್ಲಿ, ಅಲ್ಲಿನ ಜೀವ ಹೀಗೆ ವರ್ತಿಸಬೇಕು ಎಂದು ಮುಂಚೆಯೇ ಹೇಳಿ ಅದನ್ನು ಬೇರೆಯವರು ಕಂಡು ದೃಢಪಡಿಸಬೇಕು. ನನ್ನ ಓದಿನ ಪ್ರಕಾರ ಕೆ2-18ಬಿ ಮೊದಲ ಸುತ್ತಿನ ಬಾಗಿಲಲ್ಲೇ ನಿಂತಿದೆ, ಗುರುತು ಇದೆಯೋ ಇಲ್ಲವೋ ಎಂಬುದೇ ಇತ್ಯರ್ಥವಾಗಿಲ್ಲ. ಚೆಯಾವಾ ಫಾಲ್ಸ್ ಅದಕ್ಕಿಂತ ಒಳಗೆ ಬಂದು ನಾಲ್ಕನೆಯ ಬಾಗಿಲ ಹೊರಗಿದೆ. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತೆಂಬುದನ್ನು ಓಬವ್ವನ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾರೂ ಯೋಚಿಸಿರದ ಒಂದು ನಿರ್ಜೀವ ರಾಸಾಯನಿಕ ಕ್ರಿಯೆಯೇ ಇಲ್ಲಿ ಆ ಕಿಂಡಿ.

ಅಂಥ ಕಿಂಡಿಯಿಂದ ನುಸುಳಿದ ಉತ್ತರಗಳು ಹಿಂದೆಯೂ ಇವೆ. 1976ರಲ್ಲಿ ಮಂಗಳದಲ್ಲಿ ಇಳಿದ ಎರಡು ವೈಕಿಂಗ್ ನೌಕೆಗಳಲ್ಲಿ, ಮಣ್ಣಿಗೆ ಪೋಷಕ ದ್ರಾವಣ ಹನಿಸಿ ಅನಿಲ ಹೊರಬರುತ್ತದೆಯೇ ಎಂದು ನೋಡುವ ಗಿಲ್ಬರ್ಟ್ ಲೆವಿನ್ ಅವರ ಪ್ರಯೋಗಕ್ಕೆ ಅನಿಲ ಬಂತು. ಅದೇ ನೌಕೆಯ ಇನ್ನೊಂದು ಉಪಕರಣಕ್ಕೆ ಮಂಗಳದ್ದೆಂದು ಹೇಳಬಹುದಾದ ಸಾವಯವ ವಸ್ತು ಸಿಗಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣ ಕಂಡುಹಿಡಿದ ಮೇಲೆ ಚಿತ್ರ ಬದಲಾಯಿತು: ಕಾಯಿಸಿದಾಗ ಆ ಲವಣ ಸಾವಯವ ವಸ್ತುಗಳನ್ನು ಸುಟ್ಟುಹಾಕುತ್ತದೆ. ವೈಕಿಂಗ್‌ಗೆ ಸಾವಯವ ಸಿಗದಿದ್ದುದಕ್ಕೂ, ಮಣ್ಣು ಜೀವವಿಲ್ಲದೆಯೇ ಅನಿಲ ಬಿಟ್ಟಿರಬಹುದಾದುದಕ್ಕೂ ಆ ಮಣ್ಣಿನ ರಸಾಯನವೇ ಕಾರಣವಿರಬಹುದು. ಮೂವತ್ತೆರಡು ವರ್ಷಗಳ ತನಕ ಯಾರಿಗೂ ತಿಳಿಯದಿದ್ದ ಸಂಗತಿ ಇದು. ಅಂಟಾರ್ಕ್ಟಿಕಾದಲ್ಲಿ ಹಿಂದೆಯೇ ಸಿಕ್ಕಿದ್ದ ಮಂಗಳದ ಉಲ್ಕೆಯೊಂದರಲ್ಲಿ ಸೂಕ್ಷ್ಮಜೀವಿಗಳ ಪಳೆಯುಳಿಕೆ ಕಂಡಿರಬಹುದೆಂಬ ವರದಿಯ ಬಗ್ಗೆ 1996ರಲ್ಲಿ ಅಮೆರಿಕದ ಅಧ್ಯಕ್ಷರೇ ಮಾತನಾಡಿದರು. ಆ ಆಕಾರಗಳಿಗೂ ಖನಿಜಗಳಿಗೂ ನಿರ್ಜೀವ ವಿವರಣೆಗಳು ಒಂದೊಂದಾಗಿ ಸಿಕ್ಕವು. ರೇಡಿಯೋ ಸಂಕೇತಗಳ ಹುಡುಕಾಟದ ಕಥೆಯೂ ಬೇರೆಯಲ್ಲ. 1960ರಲ್ಲಿ ಫ್ರಾಂಕ್ ಡ್ರೇಕ್ ಎರಡು ನಕ್ಷತ್ರಗಳತ್ತ ಆಂಟೆನಾ ತಿರುಗಿಸಿದಂದಿನಿಂದ ಅದು ನಡೆದಿದೆ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ 2019ರಲ್ಲಿ ದಾಖಲಾದ ಆಶಾದಾಯಕ ಸಂಕೇತವೊಂದು ಕೊನೆಗೆ ನಮ್ಮದೇ ಉಪಕರಣಗಳ ಗದ್ದಲ ಎಂದು 2021ರಲ್ಲಿ ತೀರ್ಮಾನವಾಯಿತು. ಎರಡನೆಯ ಸುತ್ತಿನಲ್ಲೇ ಅದು ಬಿತ್ತು.

ಆಮ್ಲಜನಕ ಸಿಕ್ಕರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. 1990ರ ಡಿಸೆಂಬರ್‌ನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ ಭೂಮಿಯ ಪಕ್ಕದಲ್ಲೇ ಹಾದುಹೋದಾಗ, ನಮ್ಮನ್ನೇ ಅನ್ಯಗ್ರಹವೆಂದು ಭಾವಿಸಿ ಅಳೆದು ನೋಡಿದರು. ಕಾರ್ಲ್ ಸಾಗನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದಂತೆ, ಜೀವದ ಪರವಾಗಿ ಗಟ್ಟಿಯಾಗಿ ನಿಂತದ್ದು ಧಾರಾಳ ಆಮ್ಲಜನಕ ಮತ್ತು ಮೀಥೇನ್ ಎರಡೂ ಒಟ್ಟಿಗಿದ್ದುದು, ಜೊತೆಗೆ ಎಲೆಹಸಿರಿನಂಥ ವರ್ಣದ್ರವ್ಯದ ಗುರುತು. ಈ ಎರಡು ಅನಿಲಗಳು ಒಂದನ್ನೊಂದು ನಾಶಮಾಡುತ್ತವೆಯಾದ್ದರಿಂದ, ಯಾರೋ ಸತತವಾಗಿ ತುಂಬಿಸುತ್ತಿದ್ದರೆ ಮಾತ್ರ ಒಟ್ಟಿಗೆ ಉಳಿಯುತ್ತವೆ. ಆಮ್ಲಜನಕ ಒಂದೇ ಆದರೆ, ಕೆಂಪು ಕುಬ್ಜದ ತೀಕ್ಷ್ಣ ಕಿರಣಗಳು ಗ್ರಹದ ನೀರನ್ನು ಒಡೆದು ಹಗುರ ಜಲಜನಕವನ್ನು ಹಾರಿಸಿಬಿಟ್ಟರೂ ಅದು ಉಳಿಯಬಹುದು. ಇನ್ನೊಂದು ಕಡೆಯಿಂದ ನೋಡಿದರೆ, ಭೀಮಸಮುದ್ರದ ಪದರಗಳು ಬೆಳೆದ ಕಾಲದಲ್ಲಿ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಅದು ಏರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅಂದು ಯಾರಾದರೂ ದೂರದಿಂದ ಆಮ್ಲಜನಕವನ್ನಷ್ಟೇ ಹುಡುಕಿದ್ದರೆ, ಜೀವದಿಂದ ತುಂಬಿದ್ದ ಭೂಮಿಯನ್ನು ಬರಡು ಎಂದು ಬರೆದುಕೊಂಡು ಹೋಗುತ್ತಿದ್ದರು.

ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯ ಬಂಡೆಗಳು ಇನ್ನೊಂದು ದಿಕ್ಕಿಗೆ ಕೈ ತೋರುತ್ತವೆ. ದಿಂಬುಗಳನ್ನು ಒಟ್ಟಿದಂತೆ ಕಾಣುವ ಆ ಕಲ್ಲುಗಳು ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು ಉಂಡೆಯಾದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಿಸಿ ಶಿಲೆಯೂ ನೀರೂ ಸೇರುವ ಇಂಥ ಕಡಲತಳದ ಬಿಸಿನೀರಿನ ಬಾಯಿಗಳ ಸುತ್ತ ಸೂರ್ಯನ ಬೆಳಕಿನ ಹಂಗಿಲ್ಲದ ಜೀವಲೋಕವಿದೆಯೆಂದು 1977ರಲ್ಲಿ ಗಲಪಗೋಸ್ ಬಳಿ ಗೊತ್ತಾಯಿತು. ಶನಿಯ ಚಂದ್ರ ಎನ್ಸೆಲಾಡಸ್ ಬರೀ 500 ಕಿಲೋಮೀಟರ್ ಅಡ್ಡಳತೆಯದು, ಆದರೂ ಅದರ ಹಿಮದ ಅಡಿಯಲ್ಲಿ ಕಡಲಿದೆ. ಅದು ಚಿಮ್ಮಿಸುವ ಕಾರಂಜಿಯನ್ನು ಹಾದುಹೋದ ಕ್ಯಾಸಿನಿ ನೌಕೆಯ ಅಳತೆಗಳಲ್ಲಿ 2017ರಲ್ಲಿ ಜಲಜನಕವೂ 2023ರಲ್ಲಿ ರಂಜಕದ ಲವಣವೂ ಕಂಡವು. ಅಲ್ಲಿನ ಕಡಲತಳದಲ್ಲೂ ಬಿಸಿ ಶಿಲೆ ನೀರಿನೊಡನೆ ವ್ಯವಹರಿಸುತ್ತಿದೆ ಎಂಬುದಕ್ಕೆ ಆ ಜಲಜನಕ ಸಾಕ್ಷಿ. ಗುರುವಿನ ಚಂದ್ರ ಯೂರೋಪಾದತ್ತ 2024ರ ಅಕ್ಟೋಬರ್ 14ರಂದು ಹೊರಟ ಯೂರೋಪಾ ಕ್ಲಿಪ್ಪರ್ 2030ರ ಏಪ್ರಿಲ್‌ನಲ್ಲಿ ತಲುಪಬೇಕು. ಅದು ಹುಡುಕುವುದು ಜೀವವನ್ನಲ್ಲ, ಜೀವ ಬಾಳಬಹುದಾದ ಪರಿಸ್ಥಿತಿಯನ್ನು. ಬೆನ್ನು ಎಂಬ ಹೆಸರಿನ ಕ್ಷುದ್ರಗ್ರಹದಿಂದ 2023ರಲ್ಲಿ ಬಂದ ಮಣ್ಣಿನಲ್ಲಿ, ಭೂಮಿಯ ಜೀವ ಪ್ರೋಟೀನು ಕಟ್ಟಲು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಇದ್ದವು. ಈ ಅಣುಗಳಲ್ಲಿ ಬಹುಪಾಲಿಗೆ ನಮ್ಮ ಎರಡು ಕೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ರೂಪಗಳಿರುತ್ತವೆ. ಜೀವಿಗಳಲ್ಲಿರುವಂತೆ ಎಡಗೈ ರೂಪವೇ ಮೇಲುಗೈಯಾಗಿರದೆ, ಎಡಗೈ ಬಲಗೈ ರೂಪಗಳೆರಡೂ ಹೆಚ್ಚುಕಡಿಮೆ ಸಮಸಮವಾಗಿದ್ದವು. ಇಟ್ಟಿಗೆ ಎಲ್ಲೆಡೆ ಸಿಗುತ್ತದೆ, ಮನೆ ಸಿಕ್ಕಿಲ್ಲ.

ಹಾಗಾದರೆ ನಾಲ್ಕನೆಯ ಬಾಗಿಲು ತೆರೆಯುವುದು ಹೇಗೆ? ಚೆಯಾವಾ ಫಾಲ್ಸ್ ಕಲ್ಲಿನಿಂದ ಕೊರೆದ, ಸಫೈರ್ ಕ್ಯಾನ್ಯನ್ ಎಂದು ಹೆಸರಿಟ್ಟ, ಬೆರಳುದ್ದದ ತುಂಡೊಂದು ಈಗಲೂ ರೋವರ್‌ನ ಒಡಲಲ್ಲೇ ಇದೆ. ಅದರಲ್ಲಿನ ಗಂಧಕ, ಕಬ್ಬಿಣ, ಇಂಗಾಲಗಳ ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳ, ಅನುಪಾತವನ್ನು ಭೂಮಿಯ ಪ್ರಯೋಗಾಲಯದಲ್ಲಿ ಅಳೆದರೆ, ಶಾಖದ ದಾರಿಯೋ ಜೀವದ ದಾರಿಯೋ ಎಂಬ ವಾದ ಬಹುಮಟ್ಟಿಗೆ ಇತ್ಯರ್ಥವಾಗಬಹುದು. ಆ ತುಂಡನ್ನು ತರಬೇಕಿದ್ದ ಯೋಜನೆ ಮಾತ್ರ ಕುಸಿದಿದೆ. ಖರ್ಚು 1100 ಕೋಟಿ ಡಾಲರ್‌ಗೆ ಏರಬಹುದು, ಮಾದರಿ ಬರುವುದು 2040ಕ್ಕೆ ಎಂದು 2024ರಲ್ಲಿ ನಾಸಾ ಹೇಳಿಕೊಂಡಿತು. 2025ರ ಮೇ ತಿಂಗಳ ಅಮೆರಿಕ ಸರ್ಕಾರದ ಬಜೆಟ್ ಪ್ರಸ್ತಾವನೆಯಲ್ಲಿ ಅದನ್ನು ಕೈಬಿಡುವ ಮಾತೇ ಇತ್ತು. ಚೀನಾದ ತಿಯಾನ್‌ವೆನ್-3 ನೌಕೆ 2028ರ ಸುಮಾರಿಗೆ ಹೊರಟು 2031ರ ಸುಮಾರಿಗೆ ಮಂಗಳದ ಮಣ್ಣು ತರುವ ಗುರಿ ಇಟ್ಟುಕೊಂಡಿದೆ, ಆದರೆ ಅದು ತರುವುದು ಬೇರೆ ಜಾಗದ ಮಣ್ಣನ್ನು. ಇವತ್ತು ಚರ್ಚೆಯಾಗಬೇಕಾದ ದೊಡ್ಡ ಸುದ್ದಿ ಇದೇ ಎಂಬುದು ನನ್ನ ಅಭಿಪ್ರಾಯ: ಇದುವರೆಗಿನ ಅತ್ಯುತ್ತಮ ಸುಳಿವು ಕೈಗೆ ಸಿಕ್ಕ ಮೇಲೆ ಅದನ್ನು ಪರೀಕ್ಷಿಸುವ ದಾರಿಯನ್ನೇ ಬಿಟ್ಟುಕೊಡಲಾಗುತ್ತಿದೆ.

ನಮ್ಮ ಮನೆಬಾಗಿಲಲ್ಲೂ ಮಾಡಬೇಕಾದ ಕೆಲಸವಿದೆ. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿ ಇಸ್ರೋ ತನ್ನ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಿತು. ಬೇರೆ ಲೋಕದಲ್ಲಿ ಇಳಿಯುವುದನ್ನು ಈ ಜಿಲ್ಲೆಯ ನೆಲದಲ್ಲಿ ಕಲಿತಂತೆಯೇ, ಬೇರೆ ಲೋಕದ ಕಲ್ಲನ್ನು ಓದುವುದನ್ನೂ ಇಲ್ಲಿ ಕಲಿಯಬಹುದು. ಆದರೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಒಂದು ಬಂಡೆಯ ಅರ್ಧ ಭಾಗ ಹೋದ ಸಲ ಹೋದಾಗ ಇರಲಿಲ್ಲ; ಜಲ್ಲಿಗೆಂದು ಒಡೆದಿದ್ದರು. ಒಡೆದವರಿಗೆ ಅದು ಏನೆಂದು ಯಾರೂ ಹೇಳಿರಲಿಲ್ಲ. ಮರಡಿಹಳ್ಳಿಗೆ ಸಿಕ್ಕ ರಕ್ಷಣೆ ಭೀಮಸಮುದ್ರದ ಪದರಗಳಿಗೂ ಸಿಗಬೇಕು, ಕಡೇಪಕ್ಷ ಒಂದು ಫಲಕವಾದರೂ ನೆಡಬೇಕು.

ಸೆಪ್ಟೆಂಬರ್‌ನ ಸುದ್ದಿ ಬಂದ ಮರುದಿನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಎರಡು ಸಾಲು ಎಳೆದು, ಮಂಗಳದ ಆ ಚುಕ್ಕೆಗಳು ಜೀವದಿಂದ ಆಗಬಹುದಾದ ದಾರಿಗಳನ್ನು ಎಡಕ್ಕೂ, ಜೀವವಿಲ್ಲದೆ ಆಗಬಹುದಾದ ದಾರಿಗಳನ್ನು ಬಲಕ್ಕೂ ಬರೆಯಲು ಮಕ್ಕಳಿಗೆ ಹೇಳಿದೆ. ಎಡಗಡೆ ಒಂದೇ ಸಾಲು ಬಂತು. ಬಲಗಡೆ "ಜಾಸ್ತಿ ಶಾಖ" ಎಂದು ಮೊದಲು ಬರೆದರು; ಕಲ್ಲು ಕಾದ ಗುರುತಿಲ್ಲ ಎಂದು ಓದಿ ಹೇಳಿದ ಮೇಲೆ ಅದರ ಮೇಲೆ ತೆಳುವಾಗಿ ಗೀಟು ಎಳೆದರು. ಆಗ ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಅದರ ಕೆಳಗೆ ಬರೆದ: "ಕಡಿಮೆ ಶಾಖ, ಆದರೆ ಕೋಟಿಗಟ್ಟಲೆ ವರ್ಷ." ಕೋಟಿ ವರ್ಷ ನಡೆಸಿ ನೋಡಿದ ಪ್ರಯೋಗ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಆ ಸಾಲಿನ ಮೇಲೆ ಗೀಟು ಎಳೆಯಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ.